ನಮ್ಮದೇ ನೀಲಿ

ಬೇಸಿಗೆ ಕಾಲಿಟ್ಟ ವಾರವೇ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿದ್ದ ದೊಡ್ಡ ಫ್ಯಾನನ್ನು ಬಿಚ್ಚಿ ಮ್ಯಾನೇಜರ ಕೋಣೆಗೆ ಹಾಕಿದರು. ಮ್ಯಾನೇಜರ ಕೋಣೆಯಲ್ಲಿ ಆಗಲೇ ಒಂದು ಫ್ಯಾನಿತ್ತು.

ಬಿಚ್ಚುವಾಗ ಏಣಿ ಹಿಡಿದುಕೊಂಡವನು ಹೂನಪ್ಪ. ಅವನೂ ಅದೇ ಒಣಗಿಸುವ ಕೋಣೆಯಲ್ಲಿ ಬೇಯುವವನೇ. ತನ್ನ ತಲೆಯ ಮೇಲಿನ ಗಾಳಿಯನ್ನು ಹೊತ್ತೊಯ್ಯುವವರಿಗೆ ತಾನೇ ಏಣಿ ಹಿಡಿಯುವುದು ಲೋಕದಲ್ಲಿ ಹೊಸದಲ್ಲ. ಆದರೆ ಹೂನಪ್ಪ ಹಿಡಿದಷ್ಟು ಭದ್ರವಾಗಿ, ಮೇಲಿನವನಿಗೆ ಒಂಚೂರೂ ಅಲುಗದ ಹಾಗೆ, ಇನ್ನೊಬ್ಬ ಹಿಡಿದಿರಲಾರ. ಮೇಸ್ತ್ರಿ ಹಿಡಿ ಅಂದ, ಇವನು ಹೂಂ ಅಂದ. ಅಲ್ಲಿಗೆ ಮುಗಿಯಿತು.

ಹೂನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜನ ಇಟ್ಟದ್ದು. ಯಾರು ಏನು ಹೇಳಿದರೂ ಅವನ ಉತ್ತರ ಹೂಂ. ಬೆಳಗಿನ ಪಾಳಿಗೆ ಬರ್ತೀಯಾ, ಹೂಂ. ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಇರ್ತೀಯಾ, ಹೂಂ. ನಿನಗೆ ಬುದ್ಧಿ ಇದೆಯೇನೋ, ಅದಕ್ಕೂ ಹೂಂ. ಈ ಶಬ್ದದ ಒಂದು ಅನುಕೂಲವೆಂದರೆ ಇದಕ್ಕೆ ಬಾಯಿ ತೆರೆಯಬೇಕಾಗಿಲ್ಲ. ತುಟಿ ಮುಚ್ಚಿಕೊಂಡೇ, ಮೂಗಿನಲ್ಲೇ, ಬದುಕು ಪೂರ್ತಿ ಒಪ್ಪಿಕೊಂಡು ಹೋಗಬಹುದು. ಅವನ ಹೆಂಡತಿಗೆ ಮಾತ್ರ ಮದುವೆಯ ವಿಷಯದಲ್ಲೇ ಅನುಮಾನ ಉಳಿದಿತ್ತು. "ಇವರೇನು ನನ್ನ ನೋಡಿ ಮೆಚ್ಚಿ ಒಪ್ಪಿದ್ದಲ್ಲ. ಕೇಳಿದರು, ಹೂಂ ಅಂದರು. ನನ್ನ ಬದಲು ಮನೆಯವರು ಕಪಾಟು ತಂದು ನಿಲ್ಲಿಸಿದ್ರೂ ಹೂಂ ಅಂತಿದ್ರು," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಪಕ್ಕದಲ್ಲೇ ಕೂತ ಹೂನಪ್ಪ ಅದಕ್ಕೂ ತಲೆಯಾಡಿಸುತ್ತಿದ್ದ.

ಒಣಗಿಸುವ ಕೋಣೆ ಎಂದರೆ ಗೋಡೆಯುದ್ದಕ್ಕೂ ಆವಿ ಹರಿಯುವ ಕೊಳವೆಗಳು, ನಡುವೆ ಬಿದಿರಿನ ಗಳುಗಳ ಮೇಲೆ ತೊಟ್ಟಿಕ್ಕುವ ನೀಲಿ ಬಟ್ಟೆ, ಅದರ ನಡುವೆ ಮನುಷ್ಯರು. ಬಟ್ಟೆಗೆ ಧೂಳು ಬೀಳಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಬಟ್ಟೆಯ ಆರೋಗ್ಯದ ಬಗ್ಗೆ ಆ ಕಾರ್ಖಾನೆಗೆ ಅಪಾರ ಕಾಳಜಿ. ಸಾಲದ್ದಕ್ಕೆ ಈಚೆಗೆ ಹೊಸ ಬಣ್ಣ ಬಂದಿತ್ತು. ಎಲ್ಲಿಂದಲೋ ಅಗ್ಗಕ್ಕೆ ತಂದ ಪೀಪಾಯಿಗಳು. ಮೇಲಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಪೀಪಾಯಿಗಳಿದ್ದ ಉಗ್ರಾಣದ ಬೀಗದ ಕೈ ಮ್ಯಾನೇಜರ ಮೇಜಿನ ಮೇಲಿರುತ್ತಿತ್ತು. ಆ ಬಣ್ಣ ಬಂದಾಗಿನಿಂದ ಎಲ್ಲರಿಗೂ ಕಣ್ಣುರಿ, ಗಂಟಲಲ್ಲಿ ಕೆರೆತ. ಹೇಳಿದರೆ ಮೇಸ್ತ್ರಿ, ರಾತ್ರಿ ನಿದ್ದೆ ಸರಿಯಾಗಿ ಮಾಡಿ ಎಂದು ಬುದ್ಧಿ ಹೇಳುತ್ತಿದ್ದ. ಅದನ್ನೂ ಅವನು ಹೇಳುತ್ತಿದ್ದುದು ಬಾಗಿಲಲ್ಲೇ ನಿಂತು. ಒಳಗೆ ಕಾಲಿಡುತ್ತಿರಲಿಲ್ಲ.

ಫ್ಯಾನು ಹೋದ ದಿನ ಊಟದ ಬಿಡುವಿನಲ್ಲಿ ದೊಡ್ಡಕ್ಕ ಬಾಯಿ ಬಿಟ್ಟಳು. ಅವಳು ಆ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು. ಮೇಸ್ತ್ರಿ ಕೆಲಸ ಕಲಿತದ್ದೂ ಅವಳ ಕೈಕೆಳಗೆ, ಮರೆತದ್ದು ಮಾತ್ರ ತಾನಾಗಿ.

"ಏಣಿ ಹಿಡಿದೋನು ನೀನೇ ತಾನೆ. ಇದಕ್ಕೇನಾದ್ರೂ ಮಾಡ್ತೀಯೇನಪ್ಪ?"

"ಹೂಂ," ಅಂದ ಹೂನಪ್ಪ.

ಕೋಣೆಯಲ್ಲಿ ಸಂಚಲನವೇ ಆಯಿತು. ಹೂನಪ್ಪ ಮ್ಯಾನೇಜರ ಹತ್ತಿರ ಹೋಗಿ ಮಾತಾಡುತ್ತಾನಂತೆ ಎಂಬ ಸುದ್ದಿ ಈ ಗಳುವಿನಿಂದ ಆ ಗಳುವಿಗೆ ದಾಟಿ, ಸಂಜೆಯ ಹೊತ್ತಿಗೆ, ಮೇಜು ಗುದ್ದಿ ಮಾತಾಡುತ್ತಾನಂತೆ ಎಂದಾಗಿತ್ತು. ತಾನು ಏನು ಮಾಡಲು ಒಪ್ಪಿಕೊಂಡಿದ್ದೇನೆ ಎಂಬುದು ಊರಿಗೆಲ್ಲ ಗೊತ್ತಾಗಿ, ಹೂನಪ್ಪನೊಬ್ಬನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಹಿಪ್ಪುನೇರಳೆ ಹಣ್ಣಿನ ರಾಶಿಯ ಮುಂದೆ ಕೂತು ಬೈಯುತ್ತಿದ್ದಳು. ಪಕ್ಕದ ಮನೆಯ ಮೇಷ್ಟ್ರ ಮರ. ಬುಡ ಅವರ ಕಡೆ, ಕೊಂಬೆ ಇವರ ಕಡೆ. ಹಣ್ಣೆಲ್ಲ ಇವರ ಒಣಹಾಕಿದ ಬಟ್ಟೆಯ ಮೇಲೇ ಬೀಳುತ್ತಿತ್ತು. ಆ ಕೆಂಪುಗಪ್ಪು ರಾಶಿಯನ್ನು ನೋಡುತ್ತ ನಿಂತ ಹೂನಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಒಂದು ಉಪಾಯ ಹೊಳೆಯಿತು. ಇದನ್ನು ಐಸ್ ಕ್ಯಾಂಡಿ ಮಾಡಿ ಎಲ್ಲರಿಗೂ ಕೊಟ್ಟರೆ? ತಂಪು ತಂಪೇ, ಅದು ಫ್ಯಾನಿನಿಂದ ಬಂದರೇನು, ಕಡ್ಡಿಯಿಂದ ಬಂದರೇನು.

ಹೆಂಡತಿ ಒಪ್ಪಿದಳು. ಹಣ್ಣಿನ ಹಸಿರು ತೊಟ್ಟು ಚಿವುಟಿ, ತೊಳೆದು, ಹಳೆಯ ಹತ್ತಿಬಟ್ಟೆಯಲ್ಲಿ ಕಟ್ಟಿ ಹಿಂಡಿದಳು. ಸಕ್ಕರೆ ಕರಗಿಸಿ ಆರಿಸಿ ಬೆರೆಸಿದಳು. ರುಚಿ ನೋಡಿ, ಹುಳಿ ಮುಂದಾಗಿದೆ, ಇನ್ನಷ್ಟು ಸಕ್ಕರೆ ಬೇಕು ಎಂದು ಡಬ್ಬಿ ತರಲು ಎದ್ದಳು.

ಹೂನಪ್ಪ ನೋಡಿದ್ದು ರುಚಿಯನ್ನಲ್ಲ, ಬಣ್ಣವನ್ನು. ಅಷ್ಟು ವರ್ಷ ಬಣ್ಣದ ತೊಟ್ಟಿಯ ಸುತ್ತ ಬದುಕಿದವನ ಕಣ್ಣಿಗೆ ಆ ತೆಳುಗೆಂಪು ಅವಮಾನದಂತೆ ಕಂಡಿತು. ಮೊದಲ ತೊಳೆತಕ್ಕೇ ಹೋಗಿಬಿಡುವ ಬಣ್ಣ. ಕಾರ್ಖಾನೆಯಲ್ಲಿ ಕಲಿತ ಪಾಠ ಒಂದೇ: ಬಣ್ಣ ಏರಬೇಕಾದರೆ ಉಪ್ಪು, ಕೂರಬೇಕಾದರೆ ಸೋಡಾ. ಹೆಂಡತಿ ಬೆನ್ನು ತಿರುಗಿಸಿದ್ದೇ ತಡ, ಒಂದು ಚಿಟಿಕೆ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಕದಡಿದ. ರಸ ಬುಸ್ಸೆಂದು ನೊರೆಯೆದ್ದು, ಕೆಂಪು ಹೋಗಿ ನೇರಳೆಯಾಗಿ, ನೇರಳೆ ಹೋಗಿ ಕಡು ನೀಲಿಯಾಗಿ ನಿಂತಿತು.

"ಏನ್ರೀ ಇದು? ನಾನು ಹಿಂಡಿಟ್ಟಿದ್ದು ಹಣ್ಣು. ನೀವು ಶಾಯಿ ಮಾಡಿಟ್ಟಿದ್ದೀರಿ."

"ಬಣ್ಣ ಕೂರಲಿ ಅಂತ."

"ಎಲ್ಲಿ ಕೂರಬೇಕು? ಹೊಟ್ಟೇಲಾ?"

"ಹೂಂ."

ಬೈಯುತ್ತಲೇ ನಾಲಗೆಯ ಮೇಲೆ ಒಂದು ಹನಿ ಬಿಟ್ಟುಕೊಂಡ ಹೆಂಡತಿ ಇನ್ನೊಂದು ಹನಿ ಬಿಟ್ಟುಕೊಂಡಳು. ಸೋಡಾ ಹುಳಿಯನ್ನು ಕೊಂದಿತ್ತು. ರುಚಿ ನಿಜಕ್ಕೂ ಚೆನ್ನಾಗಿತ್ತು. ಸ್ಟೀಲು ಲೋಟಗಳಿಗೆ ಸುರಿದು ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟರು. ಕಡ್ಡಿಯನ್ನು ಮೊದಲೇ ನಿಲ್ಲಿಸಲು ಹೋಗಿ, ಕಡ್ಡಿಗಳೆಲ್ಲ ಕುಡುಕರ ಹಾಗೆ ಒಂದರ ಮೇಲೊಂದು ವಾಲಿದವು. ಅರ್ಧ ಗಟ್ಟಿಯಾಗುವವರೆಗೆ ಕಾದು ಮತ್ತೆ ಚುಚ್ಚಬೇಕಾಯಿತು. ಮರುದಿನ ಉಪ್ಪು ಬೆರೆಸಿದ ಐಸಿನ ಬಕೆಟ್ಟಿನಲ್ಲಿ ಹೂತು, ಗೋಣಿ ಸುತ್ತಿ, ಹೂನಪ್ಪ ಕಾರ್ಖಾನೆಗೆ ಹೊತ್ತ. ಉಳಿದದ್ದನ್ನು ಹೆಂಡತಿ ಬೀದಿಗೆ ಹಂಚಿದಳು; ಮರದ ಋಣಕ್ಕೆಂದು ಮೇಷ್ಟ್ರಿಗೆ ದೊಡ್ಡದೇ ಕೊಟ್ಟಳು.

"ಫ್ಯಾನು ತಾರೋ ಅಂದ್ರೆ ಐಸು ತಂದಿದ್ದೀಯಲ್ಲೋ ಮಾರಾಯ," ಅಂದಳು ದೊಡ್ಡಕ್ಕ. ಆದರೂ ತಿಂದಳು. ಎಲ್ಲರೂ ತಿಂದರು. ಆ ಆವಿಯ ಕೋಣೆಯಲ್ಲಿ ಅಷ್ಟು ಜನ ಒಟ್ಟಿಗೆ ಕಣ್ಣು ಮುಚ್ಚಿಕೊಂಡು ಕೂತದ್ದು ಅದೇ ಮೊದಲು. ಆಮೇಲೆ ಯಾರೋ ಯಾರದೋ ನಾಲಗೆ ನೋಡಿದರು, ನಗು ಶುರುವಾಯಿತು.

ನಗು ಆ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಾಗಿನ ಸದ್ದಿದ್ದಂತೆ. ಕೇಳಿದ ಕೂಡಲೇ ಮೇಸ್ತ್ರಿ ಓಡಿ ಬರಬೇಕು. ಬಕೆಟ್ಟು ಒದ್ದೆ ಬಟ್ಟೆಯಡಿ ಸೇರಿತು. ಮೇಸ್ತ್ರಿ ಬಾಗಿಲಲ್ಲಿ ನಿಂತು ನಕ್ಕವರ್ಯಾರು ಎಂದು ಗದರಿದ, ಯಾರೂ ನಕ್ಕಿಲ್ಲವೆಂದುಕೊಂಡು ತಿರುಗಿದ. ಅವನ ಬೆನ್ನಿಗೆ ದೊಡ್ಡಕ್ಕ ನಾಲಗೆ ಚಾಚಿದಳು. ಅವನು ಅದೇ ಕ್ಷಣ ಮತ್ತೆ ತಿರುಗಿದ. ಬೈಯಲು ಬಾಯಿ ತೆರೆದವನು ತೆರೆದ ಹಾಗೇ ನಿಂತ. ಎಲ್ಲರೂ ಬಾಯಿ ತೆಗೆಯಿರಿ ಅಂದ. ಸಾಲಾಗಿ ತೆಗೆದರು. ಮೇಸ್ತ್ರಿ ಹಿಂದೆ ನೋಡದೆ ಓಡಿದ.

ಮ್ಯಾನೇಜರ ಕೋಣೆಯಲ್ಲಿ ಎರಡು ಫ್ಯಾನುಗಳ ಕೆಳಗೆ ನಿಂತು ಅವನು ಬೆವರುತ್ತ ಹೇಳಿದ, "ಸಾರ್, ಒಳಗಿರೋರ ನಾಲಗೆ ಎಲ್ಲ ನೀಲಿಯಾಗಿದೆ."

"ನೀಲಿನಾ? ಎಂಥ ನೀಲಿ?"

"ನಮ್ಮದೇ ನೀಲಿ, ಸಾರ್."

ಮ್ಯಾನೇಜರ ಕಣ್ಣು ಮೇಜಿನ ಮೇಲಿದ್ದ ಉಗ್ರಾಣದ ಬೀಗದ ಕೈಯ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಇದೆ. ಇಲ್ಲಿ ಕಳ್ಳ ಅನ್ನುವುದಕ್ಕೂ ಮೊದಲೇ ಅವರು ಹೆಗಲು ಒರೆಸಿಕೊಳ್ಳತೊಡಗಿದರು. ಬಣ್ಣ ಮೂಗಿನಿಂದ ಇಳಿದು ರಕ್ತ ಸೇರಿ ನಾಲಗೆಯಲ್ಲಿ ತೇಲಿದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ.

ಮಧ್ಯಾಹ್ನವೇ ಫ್ಯಾನು ವಾಪಸು ಬಂತು. ಏಣಿ ಹಿಡಿದವನು ಹೂನಪ್ಪ. ಕಿಟಕಿಯ ಮೊಳೆಗಳನ್ನು ಕಿತ್ತರು. ಹಿಡಿತುಂಬ ಮೊಳೆ ಹೊತ್ತು ಹೊರಗೆ ಹಾಕಿದವನೂ ಅವನೇ. ಕೋಣೆಗೆ ಗಾಳಿ ನುಗ್ಗಿತು. ಎಲ್ಲರೂ ಹೂನಪ್ಪನನ್ನು, ಹಿಂದೆಂದೂ ನೋಡದ ಹಾಗೆ ನೋಡಿದರು.

"ಹೋಗಿ ಹೇಳೇಬಿಟ್ಯೇನೋ?" ಅಂದಳು ದೊಡ್ಡಕ್ಕ.

"ಹೂಂ."

"ಜೋರಾಗಿ ಹೇಳಿದ್ಯಾ?"

"ಹೂಂ."

ಇದು ಸುಳ್ಳು ಎಂದು ಓದುವವರು ಅವಸರಪಡಬಾರದು. ಹೂನಪ್ಪನ ಮಟ್ಟಿಗೆ ಅದು ಬರಿಯ ಉಸಿರಾಟ.

ಗೆದ್ದ ಸಂತೋಷಕ್ಕೆ ಐಸ್ ಕ್ಯಾಂಡಿ ದಿನಾ ಬರತೊಡಗಿತು. ನಾಲಗೆ ದಿನಾ ನೀಲಿಯಾಯಿತು. ಮ್ಯಾನೇಜರ ಎದೆ ದಿನಾ ಕುಸಿಯಿತು. ಒಂದು ದಿನ ಹಾಲು ಬಂತು, ಒಂದು ದಿನ ಕೈಗವಸು, ಇನ್ನೊಂದು ದಿನ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ. ಊಟದ ಬಿಡುವು ಉದ್ದವಾಯಿತು. ಬಾಯಿ ತೆರೆದು ವರ್ಷಗಟ್ಟಲೆ ಕೇಳಿದರೂ ಸಿಗದಿದ್ದುದೆಲ್ಲ ನಾಲಗೆ ಹೊರಗಿಟ್ಟ ಮಾತ್ರಕ್ಕೆ ಸಿಕ್ಕಿತು. ನಾಲಗೆ ಯಾಕೆ ಹೀಗಾಯಿತು ಎಂದು ಯಾರಾದರೂ ಒಂದು ಮಾತು ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು. ಆದರೆ ಕೆಲಸದವರನ್ನು ಕೇಳುವ ಪದ್ಧತಿ ಆ ಕಾರ್ಖಾನೆಯಲ್ಲಿರಲಿಲ್ಲ.

ವೈದ್ಯರನ್ನು ಕರೆಸಿದರೆ ಗುಟ್ಟು ಹೊರಬೀಳುತ್ತದೆಂದು ಮ್ಯಾನೇಜರು ತಮ್ಮ ಷಡ್ಡಕನನ್ನೇ ಕರೆಸಿದರು. ಷಡ್ಡಕ ಹಲ್ಲಿನ ಡಾಕ್ಟರು. ಒಬ್ಬೊಬ್ಬರನ್ನೇ ಕೂರಿಸಿ, ಬಾಯಿ ತೆಗೀರಿ, ಮಾತಾಡಬೇಡಿ ಎಂದು ಗದರುತ್ತ ದೀಪ ಹಿಡಿದು ನೋಡಿದರು. ದೊಡ್ಡಕ್ಕ ಏನೋ ಹೇಳಹೋದಾಗ ಅವಳ ಬಾಯಿಗೆ ಹತ್ತಿ ತುರುಕಿದರು. ಕೊನೆಗೆ ಮ್ಯಾನೇಜರ ಕಿವಿಯಲ್ಲಿ, ಹಲ್ಲು ಎಲ್ಲರದೂ ಗಟ್ಟಿಯಾಗಿದೆ, ನಾಲಗೆ ತಮ್ಮ ವಿಭಾಗವಲ್ಲ, ಆದರೆ ಇಂಥ ನೀಲಿಯನ್ನು ಪುಸ್ತಕದಲ್ಲೂ ಕಂಡಿಲ್ಲ ಎಂದು ತೀರ್ಪು ಕೊಟ್ಟು ಹೋದರು. ಗುಟ್ಟನ್ನು ತಮ್ಮ ಹೆಂಡತಿಯೊಬ್ಬಳಿಗೇ ಹೇಳಿದರು. ಆಕೆಯೂ ತನಗೆ ಬೇಕಾದವರಿಗೆ ಮಾತ್ರ ಹೇಳಿದಳು.

ಬಣ್ಣದ ಕಾರ್ಖಾನೆಯಿಂದ ನೀಲಿ ನಾಲಗೆಯ ರೋಗ ಹಬ್ಬುತ್ತಿದೆ ಎಂಬ ಸುದ್ದಿ ಹೂನಪ್ಪನ ಬೀದಿ ತಲುಪಿದ ಸಂಜೆ, ಪಕ್ಕದ ಮನೆಯ ಮೇಷ್ಟ್ರು ಕನ್ನಡಿಯ ಮುಂದೆ ನಿಂತು ನಾಲಗೆ ಚಾಚಿ ಕಿರುಚಿದರು. ಮನೆಯವರು, ಇವತ್ತೂ ಪಕ್ಕದ ಮನೆಯ ಐಸ್ ಕ್ಯಾಂಡಿ ತಿಂದಿರಲ್ಲ ಎಂದು ಸಮಾಧಾನ ಹೇಳಿದರೆ ಅವರು ತರ್ಕಶಾಸ್ತ್ರವನ್ನೇ ಬಿಚ್ಚಿದರು. ಆ ಹಣ್ಣು ನಮ್ಮ ಮರದ್ದು. ಮರ ನೆಟ್ಟಾಗಿನಿಂದ ತಿನ್ನುತ್ತಿದ್ದೇನೆ. ನಾಲಗೆ ಕೆಂಪಗಾಗುತ್ತದೆ, ನೀಲಿಯಾಗುವುದಿಲ್ಲ. ಆದ್ದರಿಂದ ಇದು ಹಣ್ಣಲ್ಲ, ರೋಗ. ತರ್ಕದಲ್ಲಿ ಒಂದು ಕೊಂಕೂ ಇರಲಿಲ್ಲ. ಒಂದು ಚಮಚ ಸೋಡಾ ಮಾತ್ರ ಅದರಲ್ಲಿ ಸೇರಿರಲಿಲ್ಲ. ಬೆಳಗಾಗುತ್ತಲೇ ಅವರು ಆರೋಗ್ಯ ಇಲಾಖೆಯ ಕಚೇರಿಗೆ ಹೋಗಿ, ಅಧಿಕಾರಿಯ ಮುಂದೆ ನಿಂತು, ನಮಸ್ಕಾರಕ್ಕೆ ಮುಂಚೆ ನಾಲಗೆ ತೋರಿಸಿದರು. ನಾಳೆಯೇ ಕಾರ್ಖಾನೆ ನೋಡುತ್ತೇನೆ ಅಂದರು ಅಧಿಕಾರಿ.

ಅಧಿಕಾರಿ ಬರುವ ಸುದ್ದಿ ಕಾರ್ಖಾನೆಗೆ ಮುಟ್ಟಿದ ದಿನವೇ ಮೇಸ್ತ್ರಿ ಕೆಟ್ಟ. ಭಯಕ್ಕೆ ಅವನಿಗೆ ಗಂಟಲು ಒಣಗಿತ್ತು. ಒಣಗಿಸುವ ಕೋಣೆಯ ಹೊರಗೆ, ಬಾಗಿಲ ಪಕ್ಕದ ಕತ್ತಲ ಮೂಲೆಯಲ್ಲಿ ಗೋಣಿ ಸುತ್ತಿದ ಬಕೆಟ್ಟು ಕೈಗೆ ತಗುಲಿತು. ಕದ್ದು ತಿನ್ನುವವನು ಬಣ್ಣ ನೋಡುತ್ತಾನೆಯೇ? ಕತ್ತಲಲ್ಲೇ ಗಬಗಬ ತಿಂದು, ಕಡ್ಡಿ ಎಸೆದು, ಮುಖ ತೊಳೆಯಲು ಹೋಗಿ ಕನ್ನಡಿ ನೋಡಿದ. ಆಮೇಲೆ ಅವನು ಓಡಿ ಬಂದದ್ದು ಎಲ್ಲಿಗೆ? ತಾನು ಎಂದೂ ಕಾಲಿಡದ ಒಣಗಿಸುವ ಕೋಣೆಯೊಳಕ್ಕೆ. ನಡುವೆ ಕುಸಿದು ಕೂತ.

"ನಾನು ಒಳಗೆ ಬರೋದೇ ಇಲ್ವಲ್ರೋ. ಬಾಗಿಲಲ್ಲಿ ನಿಂತೋನಿಗೇ ಹತ್ತಿದ್ರೆ ನಿಮ್ಮ ಗತಿ ಏನ್ರೋ," ಎಂದು ಅತ್ತ. ಅಳುತ್ತಲೇ ಎಲ್ಲ ಕಕ್ಕಿದ. ಪೀಪಾಯಿಯ ಮೇಲಿನ ಚೀಟಿ ಕೆರೆದದ್ದು ತಾನೇ. ಮ್ಯಾನೇಜರು ಹೇಳಿ ಮಾಡಿಸಿದ್ದು. ಚೀಟಿಯಲ್ಲಿ ತಲೆಬುರುಡೆಯ ಚಿತ್ರವಿತ್ತು; ಮುಚ್ಚಿದ ಕೋಣೆಯಲ್ಲಿ ಇದರ ಆವಿ ಕುಡಿಯಬಾರದು ಎಂದು ಬರೆದಿತ್ತು. "ತಪ್ಪಾಯ್ತು ದೊಡ್ಡಕ್ಕ. ನನಗೂ ಮಕ್ಕಳಿದಾರೆ."

"ನಮಗೆ ಇರೋದೇನು, ಕೋಳಿ ಮರಿಗಳಾ?" ಅಂದಳು ದೊಡ್ಡಕ್ಕ.

ಹೂನಪ್ಪನಿಗೆ ತಡೆಯಲಾಗಲಿಲ್ಲ. ಕಣ್ಣೆದುರು ಒಬ್ಬ ಮನುಷ್ಯ ಸಾಯುತ್ತಿದ್ದೇನೆ ಎಂದುಕೊಂಡು ಅಳುವುದನ್ನು ನೋಡಿ ಸುಮ್ಮನಿರುವ ಜೀವ ಅದಲ್ಲ. ಮೇಸ್ತ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಕಾರ್ಖಾನೆಯಲ್ಲಿ ತಾನು ಆಡಿದ ಅತಿ ಉದ್ದದ ಮಾತನ್ನು ಆಡಿದ. "ಏನೂ ಆಗಲ್ಲ ಮೇಸ್ತ್ರಿ. ಅದು ನಮ್ಮನೆ ಐಸ್ ಕ್ಯಾಂಡಿ. ಸೋಡಾ ಒಂಚೂರು ಜಾಸ್ತಿ ಬಿತ್ತು, ಅದಕ್ಕೇ ನೀಲಿ."

ಮೇಸ್ತ್ರಿಯ ಅಳು ನಿಂತಿತು. ಎದ್ದ, ಪ್ಯಾಂಟು ಕೊಡವಿಕೊಂಡ, ತಲೆ ಬಾಚಿಕೊಂಡ. ಜೀವ ಮರಳುತ್ತಿದ್ದ ಹಾಗೆ ಮೇಸ್ತ್ರಿತನವೂ ಮರಳಿತು. ಮಾತಿಲ್ಲದೆ ನೇರ ಮ್ಯಾನೇಜರ ಕೋಣೆಗೆ ನಡೆದ.

ದೊಡ್ಡಕ್ಕ ಹೂನಪ್ಪನನ್ನೇ ನೋಡುತ್ತಿದ್ದಳು. "ಹಾಗಾದ್ರೆ ನೀನು ಮ್ಯಾನೇಜರ ಹತ್ರ ಹೋಗೇ ಇಲ್ಲ."

ಹೂನಪ್ಪ ಹೂಂ ಅನ್ನಲಿಲ್ಲ. ತಲೆ ತಗ್ಗಿಸಿದ. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕರೆ ಬಂತು. ಮ್ಯಾನೇಜರು ಕುರ್ಚಿ ತೋರಿಸಿ ಕೂರಪ್ಪ ಅಂದರು. ಹೂನಪ್ಪ ಹೂಂ ಅಂದು ನಿಂತೇ ಇದ್ದ. ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು. ನಾಳೆ ಬೆಳಿಗ್ಗೆ ಒಂದು ಐಸ್ ಕ್ಯಾಂಡಿ ತಿಂದೇ ಬಾ. ಬರುವ ಅಧಿಕಾರಿ ಅಮ್ಮನ ಮುಂದೆ ಬಾಯಿ ತೆಗೆದು ನಾಲಗೆ ತೋರಿಸು. ಇದು ಹಣ್ಣಿನ ಬಣ್ಣ, ಬೇರೇನೂ ಇಲ್ಲ ಅಂತ ಹೇಳು. ಅವರು ಬಂದ ದಾರಿಗೆ ಸುಂಕವಿಲ್ಲ ಎಂದು ಹೋಗುತ್ತಾರೆ.

"ಸುಳ್ಳು ಹೇಳು ಅಂತಿಲ್ಲಪ್ಪ ನಾನು. ನಿಜಾನೇ ಹೇಳು ಅಂತಿದ್ದೀನಿ."

"ಹೂಂ."

"ಅವರು ಅತ್ತ ಹೋಗ್ತಿದ್ದ ಹಾಗೆ ಏಣಿ ತಗೊಂಡು ಬಾ. ಫ್ಯಾನು ಇಲ್ಲಿಗೇ ಬರಲಿ."

"ಹೂಂ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. ತಲೆಬುರುಡೆಯ ಚೀಟಿಯ ಮಾತು ಬಂದಾಗ ಪಾತ್ರೆ ಉಜ್ಜುತ್ತಿದ್ದ ಕೈ ನಿಂತಿತು. "ನಿಮ್ಮ ಬಟ್ಟೆ ಒಗೆಯೋಳು ನಾನು. ಒಗೆದ ಮೇಲೂ ಆ ವಾಸನೆ ನನ್ನ ಕೈ ಬಿಡಲ್ಲ. ನಿಮ್ಮ ಎದೆಯೊಳಗೆ ಎಷ್ಟು ಕೂತಿದೆಯೋ," ಅಂದಳು. ಪಾತ್ರೆ ಬೋರಲು ಹಾಕಿ ಮತ್ತೆ ಅಂದಳು, "ನಿಜ ಹೇಳು ಅಂದಿದಾರೆ ತಾನೆ. ಎರಡು ನಿಜ ಇದೆ. ಯಾವುದು ಯಾರಿಗೆ ಉಪಯೋಗ ಅಂತ ನೀವೇ ನೋಡ್ಕೊಳ್ಳಿ." ಬೆಳಿಗ್ಗೆ ಹೊರಡುವಾಗ ಉಳಿದಿದ್ದ ಒಂದೇ ಐಸ್ ಕ್ಯಾಂಡಿಯನ್ನು ಕೈಗೆ ಕೊಟ್ಟಳು. ಅವನು ತಿನ್ನುತ್ತ ಹೋದ.

ಅಧಿಕಾರಿ ಹೆಂಗಸು, ಬಿಸಿಲಿಗೆ ತಲೆಯ ಮೇಲೆ ಒದ್ದೆ ಕರವಸ್ತ್ರ ಹಾಕಿಕೊಂಡೇ ಬಂದರು. ಒಣಗಿಸುವ ಕೋಣೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಲಾಗಿತ್ತು. ಎಲ್ಲರ ಮೂಗಿಗೆ ಹೊಸ ಬಟ್ಟೆ. ತಮ್ಮ ಸಂಸ್ಥೆ ಒಂದು ಕುಟುಂಬವೆಂದೂ, ತಮಾಷೆಗೆ ಯಾರೋ ಐಸ್ ಕ್ಯಾಂಡಿ ಮಾಡಿ ತಂದು ಇಷ್ಟೆಲ್ಲ ಗುಲ್ಲಾಯಿತೆಂದೂ ಮ್ಯಾನೇಜರು ನಗುನಗುತ್ತ ವಿವರಿಸಿದರು.

"ಹಾಗಿದ್ರೆ ಸರಿ. ಮಾಡಿದವರು ಯಾರೋ ಅವರೇ ನಾಲಗೆ ತೋರಿಸಿ ಹೇಳಲಿ. ಹೊರಡ್ತೀನಿ," ಅಂದರು ಅಧಿಕಾರಿ. "ಇಲ್ಲದಿದ್ರೆ ನೀವು ಬಳಸೋ ಬಣ್ಣ ನಾನು ನೋಡಲೇಬೇಕಾಗುತ್ತೆ."

ಮ್ಯಾನೇಜರು ಹೂನಪ್ಪನನ್ನು ಮುಂದಕ್ಕೆ ಕರೆದರು. ಮೂಗಿನ ಬಟ್ಟೆಯನ್ನು ತಾವೇ ಕೆಳಗೆ ಎಳೆದರು. ಗೋಡೆಗೆ ಏಣಿ ಒರಗಿಸಿ ಸಿದ್ಧವಾಗಿಟ್ಟಿದ್ದರು. ಮೇಸ್ತ್ರಿ ಅದರ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ. ದೊಡ್ಡಕ್ಕ ಒಂದು ಸಲ ಕೆಮ್ಮಿದಳು. ಬೇಕೆಂದು ಕೆಮ್ಮಿದ್ದಲ್ಲ, ಆ ಕೆಮ್ಮು ಪೀಪಾಯಿ ಬಂದಾಗಿನಿಂದ ಇತ್ತು.

"ಬಾಯಿ ತೆಗಿಯಪ್ಪ. ತೋರಿಸು," ಅಂದರು ಮ್ಯಾನೇಜರು.

ಹೂನಪ್ಪ ತುಟಿ ಬಿಗಿದುಕೊಂಡು ನಿಂತ. ತುಟಿಯ ಅಂಚಿನಲ್ಲಿ ಒಂದು ನೀಲಿ ಗೆರೆ ಮಾತ್ರ ಕಾಣುತ್ತಿತ್ತು.

"ನಾಚಿಕೆ ಸ್ವಭಾವ," ಎಂದು ಮ್ಯಾನೇಜರು ಅಧಿಕಾರಿಯತ್ತ ನಕ್ಕು, ಇವನ ಹತ್ತಿರ ಬಾಗಿ ಹಲ್ಲು ಕಚ್ಚಿದರು. "ನಿನ್ನೆ ಹೂಂ ಅಂದಿದ್ದೆ ತಾನೆ?"

ಹೂನಪ್ಪ ಅವರನ್ನು ನೋಡಿದ. ಫ್ಯಾನಿನ ಗಾಳಿಗೆ ಗಳುಗಳ ಮೇಲಿನ ಬಟ್ಟೆ ಅಲ್ಲಾಡುತ್ತಿತ್ತು. ಸಾಲಿನಲ್ಲಿ ದೊಡ್ಡಕ್ಕ ಮೂಗಿನ ಬಟ್ಟೆಯ ಮೇಲೆಯೇ ಕೈಯಿಟ್ಟು ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಅವಳ ಪಕ್ಕದವಳೂ ಮುಚ್ಚಿಕೊಂಡಳು, ಅವಳ ಪಕ್ಕದವನೂ.

ಅಧಿಕಾರಿ ಕರವಸ್ತ್ರ ತೆಗೆದು ಬೆವರೊರೆಸಿಕೊಂಡರು. "ಉಗ್ರಾಣದ ಬೀಗದ ಕೈ ಎಲ್ಲಿದೆ?" ಅಂದರು.

"ಒಂದು ನಿಮಿಷ, ಅಮ್ಮ," ಅಂದ ಮ್ಯಾನೇಜರ ದನಿಯಲ್ಲಿ ಜೇನು ಖಾಲಿಯಾಗಿತ್ತು. "ಲೋ, ಕೊನೇ ಸಲ ಹೇಳ್ತಿದ್ದೀನಿ. ಕೆಲಸ ಬೇಕಾದ್ರೆ ಬಾಯಿ ತೆಗಿ."

ಈ ಶಬ್ದಕ್ಕೂ ಬಾಯಿ ತೆರೆಯಬೇಕಾಗಿಲ್ಲ. ತುಟಿ ಮುಚ್ಚಿಕೊಂಡೇ, ಅದೇ ಮೂಗಿನಲ್ಲೇ ಬರುತ್ತದೆ.

"ಊಹೂಂ," ಅಂದ ಹೂನಪ್ಪ.